ಯಾವ ಎಣ್ಣೆ ಹಾಕಿದರೂ ಓಡುವ ಕಾರನ್ನು ತೈಲ ಕಂಪನಿಗಳು ಮುಗಿಸಿದವೇ?

ಸೀಮೆಎಣ್ಣೆ, ಅಡುಗೆ ಎಣ್ಣೆ, ಮದ್ಯ, ಏನು ಸುರಿದರೂ ಓಡುವ ಕಾರು ಅಮೆರಿಕದಲ್ಲಿತ್ತು, ತೈಲ ಕಂಪನಿಗಳು ಅದನ್ನು ನಾಶ ಮಾಡಿಸಿದವು ಎಂಬ ಮಾತನ್ನು ನೀವೂ ಕೇಳಿರಬಹುದು. ಕಾರು ಇದ್ದದ್ದು ನಿಜ. ಅದು ಸೋಲಲು ಮಾತ್ರ ಯಾರ ಪಿತೂರಿಯೂ ಬೇಕಿರಲಿಲ್ಲ.

1963ರಿಂದ ಕ್ರೈಸ್ಲರ್ ಕಂಪನಿ 50 ಟರ್ಬೈನ್ ಕಾರುಗಳನ್ನು 203 ಜನರಿಗೆ ಸರದಿಯಂತೆ ಮೂರು ಮೂರು ತಿಂಗಳು ಓಡಿಸಲು ಕೊಟ್ಟಿತ್ತು. ಮೆಕ್ಸಿಕೊದಲ್ಲಿ ಅಲ್ಲಿನ ಅಧ್ಯಕ್ಷರ ಮುಂದೆ ಟಕೀಲಾ ಹಾಕಿಯೂ ಓಡಿಸಿದ್ದರು! ಮಾಮೂಲಿ ಎಂಜಿನ್‌ನಲ್ಲಿ ಇಂಧನ ಸರಿಯಾದ ಕ್ಷಣಕ್ಕೆ ಹೊತ್ತಿ ಪಿಸ್ಟನ್ ತಳ್ಳಬೇಕು. ಟರ್ಬೈನ್‌ನಲ್ಲಿ ಒಲೆಯಂತೆ ಬೆಂಕಿ ಸದಾ ಉರಿಯುತ್ತದೆ, ಬಿಸಿ ಅನಿಲ ಚಕ್ರದ ರೆಕ್ಕೆಗಳನ್ನು ತಿರುಗಿಸುತ್ತದೆ. ಹಾಗಾಗಿ ಇಂಧನದ ವಿಷಯದಲ್ಲಿ ಅದಕ್ಕೆ ಮಡಿ ಮೈಲಿಗೆ ಇಲ್ಲ. ಪಿಸ್ಟನ್ ಇಲ್ಲ, ರೇಡಿಯೇಟರ್ ಇಲ್ಲ, ನಡುಕವೂ ತೀರಾ ಕಡಿಮೆ.

ತೊಂದರೆ ಶುರುವಾಗುವುದು ಸಿಗ್ನಲ್‌ನಲ್ಲಿ. ನಿಂತ ಪೆಟ್ರೋಲ್ ಕಾರಿನ ಎಂಜಿನ್ ನಿಮಿಷಕ್ಕೆ ಎಂಟುನೂರು ಸುತ್ತಿನ ಆಸುಪಾಸಿನಲ್ಲಿರುತ್ತದೆ. ಈ ಟರ್ಬೈನ್ ನಿಂತಲ್ಲೇ ಸುಮಾರು 20 ಸಾವಿರ ಸುತ್ತು ತಿರುಗುತ್ತಿತ್ತು. ಅದಕ್ಕಿಂತ ತೀರಾ ನಿಧಾನವಾದರೆ ಒಳಗೆ ಗಾಳಿ ಸಾಕಷ್ಟು ಒತ್ತಿಕೊಳ್ಳುವುದಿಲ್ಲ, ಎಂಜಿನ್ ತನ್ನನ್ನು ತಾನೇ ತಿರುಗಿಸಿಕೊಳ್ಳಲಾರದು. ಅಂದರೆ ಪಾತ್ರೆ ಇಡದೆ ಒಲೆ ಉರಿಸಿದ ಹಾಗೆ. ಗಂಟೆಗಟ್ಟಲೆ ಒಂದೇ ವೇಗದಲ್ಲಿ ಹಾರುವ ವಿಮಾನಕ್ಕೆ ಟರ್ಬೈನ್ ಹೇಳಿ ಮಾಡಿಸಿದ್ದು. ನಿಂತು, ಹೊರಟು, ಮತ್ತೆ ನಿಲ್ಲುವ ಕಾರಿಗೆ ಅಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡ್‌ನಲ್ಲಿ ಇದರ ಮೈಲೇಜ್ ಎಷ್ಟಾದೀತು, ನೀವೇ ಊಹಿಸಿ.

ಆಕ್ಸಿಲರೇಟರ್ ಒತ್ತಿದರೆ ಕಾರು ಜಿಗಿಯಲು ಸೆಕೆಂಡಿಗೂ ಹೆಚ್ಚು ಬೇಕಿತ್ತು. ಆ ಬಿಸಿ ತಡೆಯುವ ಲೋಹಗಳು ದುಬಾರಿ. ನೈಟ್ರೋಜನ್ ಆಕ್ಸೈಡ್ ಹೊಗೆಯ ಸಮಸ್ಯೆ ಬೇರೆ. ಇನ್ನೊಂದು ತಮಾಷೆ ಕೇಳಿ: ಏನು ಹಾಕಿದರೂ ನಡೆಯುವ ಈ ಕಾರಿಗೆ ಆಗಿಬರದೆ ಇದ್ದದ್ದು ಆಗ ಬಂಕ್‌ಗಳಲ್ಲಿ ಸುಲಭವಾಗಿ ಸಿಗುತ್ತಿದ್ದ ಸೀಸ ಬೆರೆತ ಪೆಟ್ರೋಲ್!

ಆ ಕಾರುಗಳಲ್ಲಿ ಬಹುಪಾಲನ್ನು ಕಂಪನಿಯೇ ನಾಶ ಮಾಡಿತು. ಮೊದಲು ಕಟ್ಟಿದ ಐದು ಮಾದರಿಗಳನ್ನೂ ಸೇರಿಸಿದರೆ ಉಳಿದದ್ದು ಒಂಬತ್ತು. ಪಿತೂರಿಯ ಕಥೆಗೆ ಇಂಬು ಸಿಕ್ಕಿದ್ದು ಇಲ್ಲೇ. ಆದರೆ ಟರ್ಬೈನನ್ನು ಹೂತುಹಾಕುವುದೇ ಉದ್ದೇಶವಾಗಿದ್ದರೆ, 1970ರ ದಶಕದಲ್ಲಿ ಅಮೆರಿಕ ಸರ್ಕಾರವೇ ಕ್ರೈಸ್ಲರ್‌ಗೆ ಹಣ ಕೊಟ್ಟು ಟರ್ಬೈನ್ ಸಂಶೋಧನೆ ಮುಂದುವರಿಸಿದ್ದೇಕೆ?

ಅಂದಹಾಗೆ, ಇಂದಿನ ಕಾರುಗಳ ಮೇಲೆ ಕಾಣುವ 'ಟರ್ಬೊ' ಇದಲ್ಲ. ಅದು ಪಿಸ್ಟನ್ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಉಪಕರಣ. 2010ರಲ್ಲಿ ಜಾಗ್ವಾರ್ ಪ್ರದರ್ಶಿಸಿದ ಸಿ-ಎಕ್ಸ್75 ಕಾರಿನಲ್ಲಿ ಮಾತ್ರ ನಿಜವಾದ ಪುಟ್ಟ ಟರ್ಬೈನ್‌ಗಳಿದ್ದವು, ಬ್ಯಾಟರಿ ಚಾರ್ಜ್ ಮಾಡಲು. ಮುಂದೆ ರಸ್ತೆಗಿಳಿಸುವ ಮಾದರಿ ಕಟ್ಟುವಾಗ ಅವನ್ನು ಕೈಬಿಟ್ಟು ಪೆಟ್ರೋಲ್ ಎಂಜಿನ್ ಕೂರಿಸಿದರು.