ಕೊಟ್ಟ ತೆರಿಗೆಯ ಜಮೆ

ಫಾಲ್ಗುಣ ಮಾಸವು ಗೃಹಸ್ಥರಿಗೆ ಯುಗಾದಿಯ ಸಿದ್ಧತೆಯ ಕಾಲ. ವರ್ತಕರಿಗಾದರೋ ಲೆಕ್ಕಪತ್ರಗಳ ಕಾಲ. ಮೊನ್ನೆ ಸಾಯಂಕಾಲ ನಾವು ಜಗಲಿಯ ಮೇಲೆ ಕುಳಿತಿದ್ದಾಗ ನಮ್ಮ ಹಳೆಯ ಶಿಷ್ಯನೊಬ್ಬನು ಕಂಕುಳಲ್ಲಿ ಕಡತವೊಂದನ್ನಿರಿಸಿಕೊಂಡು ಬಂದನು. ಪೇಟೆಬೀದಿಯಲ್ಲಿ ಬಣ್ಣ, ಪೈಪು, ಬಾಗಿಲ ಕೀಲು ಮೊದಲಾದುವನ್ನು ಮಾರುವ ಹಾರ್ಡ್‌ವೇರ್ ಅಂಗಡಿ ಅವನದು. ವರ್ಷಕ್ಕೆ ಸುಮಾರು ೯೦ ಲಕ್ಷ ರೂಪಾಯಿಗಳ ವಹಿವಾಟು. “ಮೇಷ್ಟ್ರೇ, ತಿಂಗಳು ತಿಂಗಳೂ ರಿಟರ್ನು ಸಲ್ಲಿಸಿ ಸಾಕಾಗಿದೆ. ಏಪ್ರಿಲಿನಿಂದ ಕಾಂಪೋಸಿಷನ್ನಿಗೆ ಹೋಗಿಬಿಡುತ್ತೇನೆ. ನೂರಕ್ಕೆ ಒಂದು ರೂಪಾಯಿ ಕಟ್ಟಿದರೆ ಮುಗಿಯಿತಂತೆ. ತಾವೊಮ್ಮೆ ನೋಡಿ ಹೇಳಬೇಕು” ಎಂದನು. ವ್ಯಾಕರಣ ಕಲಿಸಿದವರ ಬಳಿಗೆ ಲೆಕ್ಕ ಕೇಳಲು ಬಂದನಲ್ಲಾ ಎಂದು ನಗು ಬಂದಿತು. ಆದರೂ ಕನ್ನಡಕವನ್ನು ತರಿಸಿ ಕಡತವನ್ನು ಬಿಚ್ಚಿದೆವು.

೨೦೧೭ನೆಯ ಇಸವಿಯ ಜುಲೈ ೧ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ಜೀವಾಳವು ಇಷ್ಟೆ: ವರ್ತಕನು ಕೊಳ್ಳುವಾಗ ತಾನು ಕೊಟ್ಟ ತೆರಿಗೆಯನ್ನು, ಮಾರುವಾಗ ವಸೂಲು ಮಾಡಿದ ತೆರಿಗೆಯಲ್ಲಿ ಕಳೆದು, ಮಿಕ್ಕುದನ್ನು ಮಾತ್ರ ಸರ್ಕಾರಕ್ಕೆ ಕಟ್ಟುವುದು. ಹೀಗೆ ಕಳೆಯತಕ್ಕ ಮೊತ್ತವನ್ನು ಪೇಟೆಯವರು ‘ಇನ್‌ಪುಟ್’ ಎನ್ನುತ್ತಾರೆ. ಇದಕ್ಕೊಂದು ಸಂಸ್ಕೃತ ಶಬ್ದವನ್ನು ಹುಡುಕಿ ನಾವು ಸೋತೆವು. ಜಮೆಯೆಂಬ ಅಂಗಡಿಯ ಮಾತೇ ಸಾಕು.

ವರ್ಷದ ವಹಿವಾಟು ಒಂದೂವರೆ ಕೋಟಿಯನ್ನು ಮೀರದ ನಮ್ಮ ನಾಡಿನ ವರ್ತಕನಿಗೆ ರಾಜಿ ತೆರಿಗೆಯೆಂಬ ಮತ್ತೊಂದು ಮಾರ್ಗವುಂಟು. ಅದೇ ಕಾಂಪೋಸಿಷನ್. ಮಾರಾಟದ ಮೇಲೆ ನೂರಕ್ಕೆ ೧ರಂತೆ ಮೂರು ತಿಂಗಳಿಗೊಮ್ಮೆ ಕಟ್ಟಿ, ವರ್ಷಕ್ಕೊಂದು ರಿಟರ್ನು ಸಲ್ಲಿಸಿದರಾಯಿತು. ಆದರೆ ಕೊಟ್ಟ ತೆರಿಗೆಯ ಜಮೆ ಸಿಕ್ಕದು, ಗಿರಾಕಿಯಿಂದ ತೆರಿಗೆಯನ್ನು ಬೇರೆಯಾಗಿ ವಸೂಲು ಮಾಡುವಂತಿಲ್ಲ, ಹೊರರಾಜ್ಯಕ್ಕೆ ಮಾರುವಂತಿಲ್ಲ. (ವಾಚಕರು ಇದನ್ನು ಗಮನಿಸಬೇಕು. ಕಾಂಪೋಸಿಷನ್ ಎಂಬ ಫಲಕವಿರುವ ಅಂಗಡಿಯವನು ಬಿಲ್ಲಿನಲ್ಲಿ ತೆರಿಗೆಯನ್ನು ಪ್ರತ್ಯೇಕವಾಗಿ ಕೂಡಿಸಿದ್ದರೆ ಅದನ್ನು ಕೊಡಬೇಕಾದುದಿಲ್ಲ.)

ಶಿಷ್ಯನನ್ನೇ ಕೂರಿಸಿ ಲೆಕ್ಕ ಬರೆಯಿಸಿದೆವು. ಅವನ ಸರಕಿನ ತೆರಿಗೆ ನೂರಕ್ಕೆ ೧೮. ನೂರು ರೂಪಾಯಿಯ ಬಣ್ಣಕ್ಕೆ ೧೧೮ ಕೊಟ್ಟು ತರುತ್ತಾನೆ; ೧೨ ರೂಪಾಯಿ ಲಾಭವಿಟ್ಟು ಮಾರುತ್ತಾನೆ. ಈಗಿನ ಕ್ರಮದಲ್ಲಿ ೧೧೨ಕ್ಕೆ ತೆರಿಗೆ ೨೦.೧೬ ಸೇರಿ ಗಿರಾಕಿಗೆ ಬೀಳುವುದು ೧೩೨.೧೬, ಜಮೆಯ ೧೮ ಕಳೆದು ಇವನು ಕಟ್ಟುವುದು ೨.೧೬. ರಾಜಿ ಕ್ರಮದಲ್ಲಿ ೧೧೮ ಪೂರಾ ಅಸಲಾಗುತ್ತದೆ. ಅದೇ ೧೨ ಉಳಿಯಬೇಕಾದರೆ ೧೩೧.೩೧ಕ್ಕೆ ಮಾರಬೇಕು. ಮನೆಗೆ ಬಣ್ಣ ಕೊಳ್ಳುವವನಿಗೆ ಎಂಬತ್ತೈದು ಪೈಸೆ ಅಗ್ಗ!

“ನೋಡಿದಿರಾ ಮೇಷ್ಟ್ರೇ!” ಎಂದು ಹಿಗ್ಗಿದನು.

“ತಾಳು. ನಿನ್ನಲ್ಲಿ ಕೊಳ್ಳುವವರು ಯಾರು?” ಎಂದು ಕೇಳಿದೆವು. ಅರ್ಧಕ್ಕಿಂತ ಹೆಚ್ಚು ಸರಕು ಕಂಟ್ರಾಕ್ಟುದಾರರಿಗೆ ಹೋಗುತ್ತದೆಂದನು. ನೋಂದಾಯಿತ ಕಂಟ್ರಾಕ್ಟುದಾರನು ೧೩೨.೧೬ ಕೊಟ್ಟು, ಅದರಲ್ಲಿನ ೨೦.೧೬ನ್ನು ತಾನು ಜಮೆ ಹಿಡಿಯುತ್ತಾನೆ. ಬಣ್ಣವು ಅವನಿಗೆ ೧೧೨ಕ್ಕೆ ಬಿದ್ದಂತೆ. ರಾಜಿ ತೆರಿಗೆಯ ಅಂಗಡಿಯಲ್ಲಿ ಕೊಂಡರೆ ಜಮೆಯೇ ಇಲ್ಲ, ೧೩೧.೩೧ ಪೂರಾ ಅವನ ಮೈಮೇಲೆ. ಅಂಥವನು ಎದುರಿನ ಅಂಗಡಿಗೆ ಹೋಗದೆ ಇರುತ್ತಾನೆಯೆ? ಶಿಷ್ಯನ ಮುಖ ಸಣ್ಣದಾಯಿತು. ಇನ್ನೊಂದು ಸಂಗತಿ: ಲಾಭವು ನೂರಕ್ಕೆ ಸುಮಾರು ಏಳಕ್ಕಿಂತ ಕಡಿಮೆಯಿದ್ದರೆ, ಈ ೧೮ರ ತೆರಿಗೆಯ ಸರಕಿನಲ್ಲಿ, ಮನೆಯ ಗಿರಾಕಿಗೆ ಮಾರುವವನಿಗೂ ರಾಜಿಯು ಗಿಟ್ಟದು.

ಅವನು ಯೋಚಿಸಿಯೇ ಇರದ ವಿಷಯವು ಗೋದಾಮಿನಲ್ಲಿತ್ತು. ವ್ಯಾಕರಣದಲ್ಲಿ ವಿಕಲ್ಪವೆಂದರೆ ಎರಡು ರೂಪಗಳೂ ಸಾಧುವೇ, ಯಾವುದನ್ನು ಬಳಸಿದರೂ ದಂಡವಿಲ್ಲ. ತೆರಿಗೆಯ ವಿಕಲ್ಪವು ಹಾಗಲ್ಲ. ಈ ಕ್ರಮದಿಂದ ರಾಜಿಗೆ ಹೋಗುವವನು ವರ್ಷಾರಂಭಕ್ಕೆ ಮೊದಲೇ ತಿಳಿಸಬೇಕು. ಮಾತ್ರವಲ್ಲ, ಹಿಂದಿನ ದಿನ ಉಳಿದಿರುವ ದಾಸ್ತಾನಿನ ಮೇಲೆ ಹಿಡಿದಿದ್ದ ಜಮೆಯನ್ನು ಹಿಂದಕ್ಕೆ ಕಟ್ಟಬೇಕು. ಅವನ ದಾಸ್ತಾನು ಆರು ಲಕ್ಷ. ಕಟ್ಟಬೇಕಾದುದು ೧,೦೮,೦೦೦ ರೂಪಾಯಿ! ಆ ಹಣವು ಮುಂದೆ ಮಾರಾಟದ ಬೆಲೆಯಲ್ಲಿ ಮೆಲ್ಲಗೆ ಬರಬಹುದು, ಕಟ್ಟುವುದು ಮಾತ್ರ ಮೊದಲು. ಮಗಳ ಕಾಲೇಜಿನ ಶುಲ್ಕಕ್ಕೆಂದು ಎತ್ತಿಟ್ಟ ಹಣದ ಹೊರತು ಕೈಯಲ್ಲಿ ಬೇರೆ ಗಂಟಿಲ್ಲವೆಂದು ಅವನೇ ಹೇಳಿದನು.

ಜಮೆಯೇನೂ ಸುಲಭದ ವಸ್ತುವಲ್ಲವೆಂಬುದನ್ನೂ ಹೇಳಬೇಕು. ಸರಿಯಾದ ತೆರಿಗೆ ಬಿಲ್ಲು ಬೇಕು. ಮಾರಿದವನು ತನ್ನ ರಿಟರ್ನಿನಲ್ಲಿ ಆ ಬಿಲ್ಲನ್ನು ತೋರಿಸಿ ತೆರಿಗೆಯನ್ನು ಕಟ್ಟಿರಬೇಕು. ಅವನಿಗೆ ೧೮೦ ದಿನಗಳೊಳಗೆ ಹಣ ಸಲ್ಲಿಸಿರಬೇಕು. ಮಾರಿದವನು ಮೈಗಳ್ಳನಾದರೆ ಕೊಂಡವನ ಜಮೆಗೆ ಕುತ್ತು. ಇದು ನಮಗೆ ನ್ಯಾಯವಾಗಿ ತೋರುವುದಿಲ್ಲ; ಆದರೂ ಕಾನೂನು ಹಾಗಿದೆ. ಶಿಷ್ಯನ ಕಡತದಲ್ಲಿಯೇ ಅಂಥ ಮೂರು ಬಿಲ್ಲುಗಳು ಸಿಕ್ಕಿದವು. ಊರೊಳಗಿನ ಗೃಹಸ್ಥರಿಗೆ ಮಾತ್ರ ಮಾರುವ ಫ್ಯಾನ್ಸಿ ಅಂಗಡಿಯವನೊಬ್ಬನು ಬಂದು ಕೇಳಿದ್ದರೆ, ಈ ತೊಡಕೇ ಬೇಡ, ರಾಜಿಯಲ್ಲಿ ಸುಖವಾಗಿರು ಎನ್ನುತ್ತಿದ್ದೆವು.

ಇವನ ನಿಜವಾದ ಬೇಸರವು ತೆರಿಗೆಯದಲ್ಲ, ತಿಂಗಳ ರಿಟರ್ನಿನದು. ಐದು ಕೋಟಿಯವರೆಗಿನ ವಹಿವಾಟಿನವರು ಈಗಿನ ಕ್ರಮದಲ್ಲಿಯೇ ಇದ್ದುಕೊಂಡು, ತೆರಿಗೆಯನ್ನು ತಿಂಗಳಿಗೊಮ್ಮೆ ಕಟ್ಟುತ್ತ, ರಿಟರ್ನನ್ನು ಮೂರು ತಿಂಗಳಿಗೊಮ್ಮೆ ಸಲ್ಲಿಸಬಹುದೆಂಬುದು ಅವನಿಗೆ ತಿಳಿದೇ ಇರಲಿಲ್ಲ. ಅದನ್ನು ಕೇಳಿ ಕಡತವನ್ನು ಕಟ್ಟಿಕೊಂಡು ಎದ್ದನು. ಕಾಫಿ ಕುಡಿದು ಹೋಗಪ್ಪಾ ಎಂದು ನಮ್ಮ ಮನೆಯವರು ಕೂಗಿದರೂ ನಿಲ್ಲಲಿಲ್ಲ. ಆ ಮೂರು ಬಿಲ್ಲಿನವನಿಗೆ ಅಂಗಡಿ ಮುಚ್ಚುವುದರೊಳಗೆ ಫೋನು ಮಾಡಬೇಕಾಗಿತ್ತಂತೆ.