ಟ್ಯಾಬ್ ಕೊಟ್ಟ ಮಾತ್ರಕ್ಕೆ ಕೆಲಸ ಕಲಿತಂತೆಯೇ?

ಹಳ್ಳಿ ಶಾಲೆಗೆ ನಾಲ್ಕು ಟ್ಯಾಬ್ ಕೊಟ್ಟು, ಫೋಟೋ ಹಾಕಿ, ಮಕ್ಕಳು ನಾಳೆಯ ಉದ್ಯೋಗಕ್ಕೆ ತಯಾರಾದರು ಎಂದು ನಂಬುವವರು ನಮ್ಮ ಆಫೀಸುಗಳಲ್ಲಿ ತುಂಬಾ ಜನ ಇದ್ದಾರೆ. ನನ್ನ ತಕರಾರು ಇರುವುದು ಇಲ್ಲೇ.

2021ರ ಜೂನ್ ನೆನಪಿದೆಯಾ? ಸುಳ್ಯ ತಾಲೂಕಿನ ಬಳ್ಳಕದಲ್ಲಿ ಎಸ್ಸೆಸ್ಸೆಲ್ಸಿ ಹುಡುಗಿಯೊಬ್ಬಳು ನೆಟ್‌ವರ್ಕ್ ಸಿಗುವ ರಸ್ತೆ ಬದಿಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದಳು. ಮಳೆಗೆ ಅಪ್ಪ ಕೊಡೆ ಹಿಡಿದು ನಿಂತಿದ್ದರು. ಆ ಫೋಟೋ ನೋಡಿ ಟವರ್ ಬೇಕು ಅಂದೆವು. ಸರಿಯೇ. ಆದರೆ ಟವರ್ ಬಂದ ಮೇಲೆ ಆ ಮೊಬೈಲಿನಲ್ಲಿ ಏನು ಕಲಿಸಬೇಕು ಅಂತ ಕೇಳಿದವರು ಎಷ್ಟು ಜನ?

ನನ್ನೂರು ಇಚಿಲಂಪಾಡಿಯನ್ನೇ ತಗೊಳ್ಳಿ. ಸುತ್ತ ಅಡಿಕೆ, ರಬ್ಬರ್. ಕೆಲಸ ಬದಲಾಗುವುದು ಬೆಂಗಳೂರಿನಲ್ಲಿ ಮಾತ್ರ ಅಂದುಕೊಳ್ಳಬೇಡಿ. ಮರ ಹತ್ತಿ ಮದ್ದು ಬಿಡುವವರು ಸಿಗುವುದೇ ಕಷ್ಟ. ಈಗ ನೆಲದಲ್ಲೇ ನಿಂತು ಕಾರ್ಬನ್ ಫೈಬರ್ ದೋಟಿಯಲ್ಲಿ ಕೊಯ್ಯುವ, ಮದ್ದು ಬಿಡುವ ಹೊಸ ಕಸುಬು ಬಂದಿದೆ. ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಸುಣ್ಣ ಸಾಲದಿದ್ದರೆ ಅದರಲ್ಲಿ ಅದ್ದಿದ ಹೊಳೆಯುವ ಕತ್ತಿ ಕೆಂಪಾಗುತ್ತದೆ. ಯಾಕೆ? ಉತ್ತರ ಹತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕದಲ್ಲಿದೆ! ಅಂಗಳದಲ್ಲಿ ಮಳೆ ಅಳೆದು ದಿನಾ ಬರೆದಿಡುವ ಕೃಷಿಕರು ನಮ್ಮ ಸೀಮೆಯಲ್ಲಿದ್ದಾರೆ. ಆ ಅಂಕಿಗಳನ್ನು ಮಕ್ಕಳೇ ಸ್ಪ್ರೆಡ್‌ಶೀಟಿಗೆ ಹಾಕಿ, ಗ್ರಾಫ್ ಎಳೆದು, ಕೊಳೆರೋಗ ಬಂದ ವಾರದ ಪಕ್ಕ ಇಟ್ಟು ನೋಡಲಿ. ನಾವು ಸಂಬಳ ತಗೊಂಡು ಮಾಡುವ ಡೇಟಾ ಅನಾಲಿಸಿಸ್ ಇದೇ ಅಲ್ವಾ?

ಹಾಗಾದರೆ ಹಳ್ಳಿ ಮಕ್ಕಳು ತೋಟದಲ್ಲೇ ಇರಬೇಕಾ ಅಂತ ಕೇಳುತ್ತೀರಿ. ಅಲ್ಲ ಮಾರಾಯ್ರೇ. ಅಂಕಿ ನೋಡಿ ಪ್ರಶ್ನೆ ಕೇಳಲು ಕಲಿತವರು ಬೆಂಗಳೂರಿನಲ್ಲೂ ಬದುಕುತ್ತಾರೆ, ತೋಟದಲ್ಲೂ. ಆ್ಯಪ್ ಒತ್ತಲು ಮಾತ್ರ ಕಲಿತವರಿಗೆ ಆ್ಯಪ್ ಬದಲಾದ ದಿನ ಎರಡೂ ಕಡೆ ಜಾಗ ಇಲ್ಲ.

ಸರಕಾರಿ ಶಾಲೆಯಲ್ಲಿ ಇದೆಲ್ಲ ಆಗುವ ಮಾತಾ? ಗಡಿಯಾಚೆ ಕಾಸರಗೋಡಿನತ್ತ ನೋಡಿ. ಕೇರಳದ ಹೈಸ್ಕೂಲುಗಳಲ್ಲಿ 2018ರಿಂದ ‘ಲಿಟಲ್ ಕೈಟ್ಸ್’ ಕ್ಲಬ್ಬುಗಳಿವೆ. ಮಕ್ಕಳು ಅನಿಮೇಶನ್, ಪ್ರೋಗ್ರಾಮಿಂಗ್, ಹಾರ್ಡ್‌ವೇರ್ ಕಲಿಯುತ್ತಾರೆ, ಅದೂ ಸ್ವತಂತ್ರ ತಂತ್ರಾಂಶದಲ್ಲಿ. ಅದನ್ನು ನಡೆಸುವುದು ತರಬೇತಿ ಪಡೆದ ಅದೇ ಶಾಲೆಯ ಟೀಚರುಗಳು, ಹೊರಗಿನ ಕಂಪನಿಯಲ್ಲ.

ಆದ್ದರಿಂದ ಊರ ಶಾಲೆಗೆ ಮುಂದಿನ ಸಲ ಏನಾದರೂ ಕೊಡಬೇಕೆನಿಸಿದರೆ, ಬಾಕ್ಸ್ ಕಳಿಸಬೇಡಿ. ವರ್ಷಕ್ಕೆ ನಾಲ್ಕು ಶನಿವಾರ ಕೊಡಿ. ಟೀಚರ ಪಕ್ಕ ಕೂತು ಅವರಿಗೆ ಏನು ಬೇಕೆಂದು ಕೇಳಿ. ಇದಕ್ಕೆ ಟವರೂ ಬೇಡ.