ಕಾಣೆಯಾದ ಕಾಡಿಗೆ ಊರ ಹೆಸರು ಬರೆಯಿರಿ

ಮಹಾನಿರ್ದೇಶಕರಿಗೆ,
ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ, ಡೆಹ್ರಾಡೂನ್



ನಾನು ಮರಿಕಲ್‌ನವನು. ಮೆಹಬೂಬ್‌ನಗರದಿಂದ ರಾಯಚೂರಿಗೆ ಹೋಗುವ ಹೆದ್ದಾರಿಯಲ್ಲಿ ದೇವರಕದ್ರ ದಾಟಿದ ಮೇಲೆ, ಮಕ್ತಲ್ ಬರುವುದಕ್ಕೆ ಮೊದಲು ಸಿಗುವ ಊರು. ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ತೆಲುಗು, ಸರಕಾರಿ ಕಾಗದ ಬಂದರೆ ಇಂಗ್ಲಿಷ್ ಬಲ್ಲವರ ಮನೆ ಬಾಗಿಲು. ನಮ್ಮ ಕಡೆಯ ಬದುಕು ಹೀಗೆ. ಕನ್ನಡದಲ್ಲಿ ಬರೆದರೆ ನಿಮಗೆ ತಲುಪೀತೇ ಎಂದು ಮಗ ಕೇಳಿದ. ಬೆಂಗಳೂರಿನಲ್ಲಿ ಅವರದೇ ದಕ್ಷಿಣ ವಲಯದ ಕಚೇರಿ ಇದೆ, ಓದಿ ಹೇಳುವವರು ಅಲ್ಲಿ ಸಿಗುತ್ತಾರೆ ಎಂದೆ.

ನಮ್ಮ ಸುತ್ತ ಕಾಡೆಂದು ಕರೆಯುವಂಥದ್ದು ಕಡಿಮೆ. ಬಂಡೆಗುಡ್ಡ, ಹತ್ತಿ ಹೊಲ, ತೊಗರಿ ಹೊಲ, ಕೆರೆ ಅಂಗಳದಲ್ಲಿ ಬಳ್ಳಾರಿ ಜಾಲಿ. ಆದರೂ ನೀವು ಉಪಗ್ರಹದಿಂದ ಹಾಕುವ ಕಾಡಿನ ಲೆಕ್ಕದ ಬಗ್ಗೆ ಮಾತಾಡುವ ಹಕ್ಕು ನಮಗೆ ಕೊಂಚ ಹೆಚ್ಚೇ ಇದೆ. ನೆಲವನ್ನು ಅಳೆಯುವ ಉಪಗ್ರಹದ ಚಿತ್ರ ಈ ದೇಶದಲ್ಲಿ ಮೊದಲು ನೆಲಕ್ಕಿಳಿದದ್ದು ನಮ್ಮ ಹಳೇ ಪಾಲಮೂರು, ಅಂದರೆ ಮೆಹಬೂಬ್‌ನಗರ ಜಿಲ್ಲೆಯ ಶಾದ್‌ನಗರದಲ್ಲಿ. 1979ರಲ್ಲಿ ಅಲ್ಲಿಯ ಆಂಟೆನಾ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರ ಹಿಡಿಯತೊಡಗಿತು. ಲ್ಯಾಂಡ್‌ಸ್ಯಾಟ್ ಚಿತ್ರಗಳಿಂದಲೇ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಸಂಸ್ಥೆ ಲೆಕ್ಕ ಹಾಕಿ, 1972–75ರಲ್ಲಿ ದೇಶದ ಶೇ 16.89ರಷ್ಟಿದ್ದ ಕಾಡು 1980–82ಕ್ಕೆ ಶೇ 14.10ಕ್ಕೆ ಇಳಿದಿದೆ ಎಂದಾಗ ದೆಹಲಿಯಲ್ಲಿ ಗದ್ದಲವೇ ಆಯಿತು. ಅರಣ್ಯ ಇಲಾಖೆ ಒಪ್ಪಲಿಲ್ಲ. 1987ರಲ್ಲಿ ಬಂದ ನಿಮ್ಮ ಮೊದಲ ವರದಿಯಲ್ಲಿ ಅದು ಶೇ 19.49 ಆಗಿತ್ತು. ಒಂದೇ ನೆಲ, ಎರಡು ಲೆಕ್ಕ. ಅಂದಿನಿಂದ ನಿಮ್ಮ ಅಂಕಿಗಳನ್ನು ಓದುವಾಗಲೆಲ್ಲ ನಾನು ಮೊದಲು ಕೇಳಿಕೊಳ್ಳುವುದು, ಇದನ್ನು ಅಳೆದ ಕೋಲು ಯಾವುದು ಎಂದು.

ಈಗ ವಿಷಯಕ್ಕೆ ಬರುತ್ತೇನೆ. 2022ರ ಜನವರಿಯಲ್ಲಿ ಹೊರಬಂದ ನಿಮ್ಮ 2021ರ ವರದಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶಗಳ ಕಾಡನ್ನು ಮೊದಲ ಸಲ ಬೇರೆಯಾಗಿ ಅಳೆದಿರಿ. ಒಳ್ಳೆಯ ಕೆಲಸ. 2011ರಿಂದ 2021ರವರೆಗಿನ ಹತ್ತು ವರ್ಷದಲ್ಲಿ ಅವೆಲ್ಲ ಸೇರಿ ಕಳೆದುಕೊಂಡ ಕಾಡು 22.62 ಚದರ ಕಿಲೋಮೀಟರ್. ಇಷ್ಟನ್ನೇ ಪತ್ರಿಕೆಯಲ್ಲಿ ಓದಿದವನು ಪರವಾಗಿಲ್ಲ ಎಂದು ಪುಟ ತಿರುವುತ್ತಾನೆ. ಪಟ್ಟಿ ಬಿಡಿಸಿ ನೋಡಿದರೆ ತೆಲಂಗಾಣದ ಕವ್ವಾಲ್ ಒಂದರಲ್ಲೇ 118.97 ಹೋಗಿದೆ, ಕರ್ನಾಟಕದ ಭದ್ರಾದಲ್ಲಿ 53.09, ಸುಂದರಬನದಲ್ಲಿ 49.95. ಇಳಿಕೆಯಲ್ಲಿ ಮೊದಲ ಸ್ಥಾನ ನಾನು ಇರುವ ರಾಜ್ಯಕ್ಕೆ, ಎರಡನೆಯದು ನಾನು ಆಡುವ ಮಾತಿನ ರಾಜ್ಯಕ್ಕೆ. ಬಂಗಾಳದ ಬಕ್ಸಾದಲ್ಲಿ 238.80 ಹೆಚ್ಚಾಗಿದೆ, ಅದು ಕವ್ವಾಲದ ಗುಂಡಿಯನ್ನೂ ಭದ್ರಾದ ಗುಂಡಿಯನ್ನೂ ಕಾಗದದ ಮೇಲೆ ಮುಚ್ಚಿಬಿಟ್ಟಿದೆ. ನಮ್ಮ ಬಾವಿ ಬತ್ತಿದ್ದಕ್ಕೆ ಪಕ್ಕದೂರಿನ ಬಾವಿ ತುಂಬಿದ್ದನ್ನು ಜಮಾ ಹಿಡಿದರೆ ನಮ್ಮ ಎತ್ತು ಕುಡಿಯುವುದೇನು?

ಅಂದಹಾಗೆ, ಬಕ್ಸಾದ ಒಟ್ಟು ವಿಸ್ತೀರ್ಣವೇ ಸುಮಾರು 760 ಚದರ ಕಿಲೋಮೀಟರ್. ಹತ್ತು ವರ್ಷದಲ್ಲಿ ಅದರ ಮೂರರಲ್ಲೊಂದು ಪಾಲಿನಷ್ಟು ಹೊಸ ಕಾಡು ಎದ್ದಿತೇ? ಅಥವಾ ಮೊದಲಿನ ಸಲ ಮೋಡವೋ ನೆರಳೋ ಅಡ್ಡ ಬಂದು ಲೆಕ್ಕ ತಪ್ಪಿತ್ತೇ? ಏರಿಕೆಗೆ ಹೀಗೆ ಅನುಮಾನ ಪಡಬಹುದಾದರೆ ಇಳಿಕೆಗೂ ಪಡಬಹುದು, ಅದನ್ನು ನಾನು ಬಲ್ಲೆ. ಕವ್ವಾಲದ 118.97ರಲ್ಲಿ ನಿಜವಾಗಿ ಕಡಿದದ್ದೆಷ್ಟು, ಲೆಕ್ಕದ ತಪ್ಪೆಷ್ಟು, ಎರಡನ್ನೂ ಹೇಳಿ.

ಭದ್ರಾದ ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ. ಕಾಡು ಕಡಿಮೆಯಾಯಿತು ಎಂದ ಕೂಡಲೇ ಒಳಗಿನ ಹಳ್ಳಿಯವರನ್ನು ಬೊಟ್ಟು ಮಾಡುವುದು ನಮ್ಮಲ್ಲಿ ರೂಢಿ. ಭದ್ರಾದೊಳಗಿನ ಹಳ್ಳಿಗಳ ಜನ 2002ರ ಹೊತ್ತಿಗೇ ಹೊರಗೆ ಬಂದಿದ್ದರು. ದೇಶಕ್ಕೇ ಮಾದರಿ ಎಂದು ಆ ಸ್ಥಳಾಂತರವನ್ನು ಹೊಗಳಿದ್ದೂ ಆಗಿದೆ. ಹಾಗಾದರೆ 2011ರ ನಂತರದ ಆ 53 ಯಾರ ಬಾಬ್ತು? ಬಿದಿರು ಹೂಬಿಟ್ಟು ಸತ್ತು ಮೆಳೆಗಳು ಬರಿದಾದವೇ? ಅಂಚಿನ ಕಾಫಿ ತೋಟಗಳಲ್ಲಿ ನೆರಳಿನ ಮರ ಕಡಿದರೇ? ಬಿದಿರಾದರೆ ಕೆಲವು ಮಳೆಗಾಲಕ್ಕೆ ತಾನೇ ಮರಳುತ್ತದೆ, ಯಾರ ಮೇಲೂ ಕೇಸು ಹಾಕಬೇಕಿಲ್ಲ. ತೋಟದ ಮರವಾದರೆ ಮಾತೇ ಬೇರೆ. ಕವ್ವಾಲದಲ್ಲೂ ಹೀಗೆಯೇ: ತೇಗ ಕದ್ದವರು ಒಬ್ಬರು, ಕಾಡು ಕಡಿದು ಪೋಡು ಬೇಸಾಯ ಮಾಡಿದವರು ಮತ್ತೊಬ್ಬರು, ರಸ್ತೆ ಅಗಲ ಮಾಡಿದವರು ಮೂರನೆಯವರು. ಅಂಕಿ ಒಂದೇ ಇದ್ದಾಗ ಏಟು ಬೀಳುವುದು ಯಾವಾಗಲೂ ಎದುರಿಗೆ ಸಿಕ್ಕ ಬಡವನಿಗೆ. ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಿಗೆ 2012ರಲ್ಲಿ ತಿದ್ದುಪಡಿ ತಂದು, ಉಪಗ್ರಹ ಚಿತ್ರ ಬೇರೆ ಸಾಕ್ಷ್ಯಕ್ಕೆ ಪೂರಕವೇ ಹೊರತು ಅದರ ಬದಲಿಗೆ ನಿಲ್ಲುವಂಥದ್ದಲ್ಲ ಎಂದು ಬರೆದದ್ದು ಸುಮ್ಮನೆ ಅಲ್ಲ.

ನಿಮ್ಮ ಅಳತೆಕೋಲಿನ ಬಗ್ಗೆ ನಾಲ್ಕು ಮಾತು. ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ಜಾಗ, ಅದರ ಮೇಲೆ ಶೇ 10ರಷ್ಟು ಮರದ ನೆರಳು. ಅಷ್ಟಿದ್ದರೆ ನಿಮಗೆ ಅದು ಕಾಡು. ಮಾಲೀಕ ಯಾರೆಂದು ಕೇಳುವುದಿಲ್ಲ, ಮರ ಯಾವುದೆಂದೂ ಕೇಳುವುದಿಲ್ಲ. ಪಾಲಮೂರಿನ ಪಿಲ್ಲಲಮರ್ರಿ ಆಲದಮರ ಮೂರು ಎಕರೆಗೂ ಹೆಚ್ಚು ಹರಡಿದೆ. ಒಂದು ಹೆಕ್ಟೇರ್ ಅಂದರೆ ಎರಡೂವರೆ ಎಕರೆ. ಅಲ್ಲಿಗೆ ಆ ಒಂದು ಮರವೇ ನಿಮ್ಮ ಲೆಕ್ಕದ ಪ್ರಕಾರ ಒಂದು ಕಾಡು! ನಗಬೇಡಿ, ಕೊಲ್ಲಾಪುರದ ಮಾವಿನ ತೋಪೂ, ನಮ್ಮ ಕೆರೆಯ ಬಳ್ಳಾರಿ ಜಾಲಿಯೂ ಅದೇ ಬಾಗಿಲಿನಿಂದ ನಿಮ್ಮ ಪುಸ್ತಕದೊಳಗೆ ಬರುತ್ತವೆ. ಇನ್ನೊಂದು ಕಡೆ, ನೆರಳು ಶೇ 69ರಿಂದ 41ಕ್ಕೆ ಇಳಿದರೂ ಆ ಕಾಡು ‘ಮಧ್ಯಮ ದಟ್ಟ’ ಎಂಬ ಒಂದೇ ಕೋಣೆಯಲ್ಲಿ ಕೂತಿರುತ್ತದೆ. ಹತ್ತರಲ್ಲಿ ನಾಲ್ಕು ಮರ ಹೋದರೂ ಪಟ್ಟಿಯಲ್ಲಿ ಗೆರೆ ಅಲುಗುವುದಿಲ್ಲ.

ಉಪಗ್ರಹಕ್ಕೆ ಕಾಣದ್ದೊಂದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಚೈತ್ರ ಹುಣ್ಣಿಮೆಗೆ ನಲ್ಲಮಲ ಬೆಟ್ಟಸಾಲಿನ ಸಲೇಶ್ವರಂ ಜಾತ್ರೆಗೆ ಹೋಗುವುದು ನಮ್ಮ ಮನೆಯ ಪದ್ಧತಿ. ಅಮ್ರಾಬಾದ್ ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಫರಹಾಬಾದಿನ ಕಡೆಯಿಂದ ಇಳಿಯಬೇಕು. ಆ ಹೊತ್ತಿಗೆ ತೇಗ, ದಿಂಡಿಗ ಎಲ್ಲ ಬೋಳು. ಮೇಲಿನಿಂದ ನೋಡಿದವನು ಕಾಡೇ ಇಲ್ಲ ಎಂದಾನು. ಅದಕ್ಕೇ ನೀವು ಮಳೆ ಮುಗಿದ ಮೇಲೆ, ಅಕ್ಟೋಬರಿನಿಂದ ಡಿಸೆಂಬರ್ ನಡುವಿನ ಚಿತ್ರ ತೆಗೆದುಕೊಳ್ಳುತ್ತೀರಿ, ಸರಿಯೇ. ಒಂದು ವರ್ಷ ದಾರಿಯ ಪಕ್ಕದ ಇಳಿಜಾರಿನಲ್ಲಿ ನೆಲಬೆಂಕಿ ಹಾದುಹೋಗಿತ್ತು. ಮರಗಳ ಬುಡ ಮೊಣಕಾಲೆತ್ತರದವರೆಗೆ ಕಪ್ಪು, ಕಾಲಿಟ್ಟಲ್ಲಿ ಬೂದಿ ಪುಸ್ಸೆಂದು ಏಳುತ್ತಿತ್ತು, ಹೆಬ್ಬೆರಳು ದಪ್ಪದ ಸಸಿಗಳು ಕರಕಲು ಕಡ್ಡಿಗಳಾಗಿದ್ದವು. ಜೊತೆಗಿದ್ದ ಚೆಂಚು ಬುಡಕಟ್ಟಿನ ಮುದುಕ ಒಂದು ಕಡ್ಡಿ ಮುರಿದು ತೋರಿಸಿದ, ಒಳಗೂ ಹಸಿರಿರಲಿಲ್ಲ. ಮಳೆಗಾಲ ಬಂದಾಗ ದೊಡ್ಡ ಮರಗಳು ಚಿಗುರಿರುತ್ತವೆ. ಅಕ್ಟೋಬರಿನಲ್ಲಿ ನಿಮ್ಮ ಚಿತ್ರಕ್ಕೆ ಆ ಇಳಿಜಾರು ಹಚ್ಚಗೆ ಕಂಡಿರುತ್ತದೆ. ಮೇಲೆ ಮರವಿದೆ, ಕೆಳಗೆ ಸಸಿ ಇಲ್ಲ. ಮಕ್ಕಳಿಲ್ಲದ ಊರಿನ ಜನಗಣತಿ ಮಾಡಿದ ಹಾಗೆ.

ಇನ್ನು ನಮ್ಮ ಕಡೆಯ ನೆಲ. ಕೃಷ್ಣಾ ಊರು, ಮಕ್ತಲ್ ಕಡೆ ಬೆಳಗಿನ ಹೊತ್ತು ಹೊಲದ ಬದುವಿನಲ್ಲಿ ನಿಂತರೆ ಹೊಳೆಯಾಚೆ ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿಯ ಹೊಗೆ, ಈಚೆ ಚಿಗರಿಯ ಹಿಂಡು. ಹತ್ತಿ ಮೊಳಕೆ ಮೇಯ್ದು ರೈತನ ಹೊಟ್ಟೆ ಉರಿಸುತ್ತವೆ. ಅವು ಬದುಕಬೇಕಾದ ಬಯಲು ಹುಲ್ಲುಗಾವಲನ್ನು ನಾವು ಉತ್ತು ಮುಗಿಸಿದ್ದರಿಂದ ಅವು ಹೊಲಕ್ಕೆ ಬಂದಿವೆ. ಆ ಬಯಲು ಹೋದದ್ದು ನಿಮ್ಮ ವರದಿಯಲ್ಲಿ ಅರಣ್ಯ ನಷ್ಟವೆಂದು ದಾಖಲಾಗುವುದಿಲ್ಲ, ಏಕೆಂದರೆ ಅದು ಎಂದೂ ಕಾಡಾಗಿರಲಿಲ್ಲ. ನಾಳೆ ಅದರ ಮೇಲೆ ನೀಲಗಿರಿ ನೆಟ್ಟರೆ ಮಾತ್ರ ಏರಿಕೆ ಎಂದು ದಾಖಲಾಗುತ್ತದೆ. ಚಿಗರಿಗೆ ಅದರಿಂದ ಆಗುವುದು ಇನ್ನೊಂದು ಸಲ ಒಕ್ಕಲೆಬ್ಬಿಸಿದ ಹಾಗೆ.

ನಾನು ಕೇಳುವುದು ದೊಡ್ಡದೇನೂ ಅಲ್ಲ. ಬ್ರೆಜಿಲ್‌ನ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ಅಮೆಜಾನ್ ಕಾಡಿನ ನಷ್ಟವನ್ನು 1988ರಿಂದ ವರ್ಷವರ್ಷವೂ ಅಳೆಯುತ್ತಿದೆ. ಕಡಿದದ್ದನ್ನು ಕಡಿದದ್ದಾಗಿಯೇ ಬರೆಯುತ್ತಾರೆ, ಬೇರೆಲ್ಲೋ ಬೆಳೆದದ್ದನ್ನು ಅದರಿಂದ ಕಳೆಯುವುದಿಲ್ಲ. ಕಡಿದ ಒಂದೊಂದು ತುಂಡಿನ ನಕ್ಷೆಯನ್ನೂ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. 2019ರಲ್ಲಿ ಅಧ್ಯಕ್ಷ ಬೊಲ್ಸೊನಾರೊ ಆ ಅಂಕಿಗಳನ್ನು ಸುಳ್ಳೆಂದರು. ಸಂಸ್ಥೆಯ ನಿರ್ದೇಶಕ ರಿಕಾರ್ಡೊ ಗಾಲ್ವಾವೊ ಬಹಿರಂಗವಾಗಿಯೇ ಎದುರಾಡಿ ಕುರ್ಚಿ ಕಳೆದುಕೊಂಡರು. ಅವರು ಹೋದರೂ ನಕ್ಷೆ ಜನರ ಕೈಯಲ್ಲಿ ಉಳಿದಿತ್ತು.

ನೀವೂ ಅಷ್ಟು ಮಾಡಿ. ಕವ್ವಾಲದ 118.97ನ್ನೂ ಭದ್ರಾದ 53.09ನ್ನೂ ತುಂಡುತುಂಡಾಗಿ ಬಿಡಿಸಿ, ಯಾವ ರೇಂಜ್, ಯಾವ ಬೀಟ್, ಹತ್ತಿರದ ಊರು ಯಾವುದು, ಯಾವ ವರ್ಷ ಬದಲಾಯಿತು, ನೆಲಕ್ಕೆ ಹೋಗಿ ನೋಡಿದವರಿಗೆ ಏನು ಕಂಡಿತು ಎಂದು ತೆಲುಗಿನಲ್ಲಿ, ಕನ್ನಡದಲ್ಲಿ ಹಾಕಿ. ಏರಿಕೆಯನ್ನು ಬೇರೆ ಪುಟದಲ್ಲಿ ಬರೆಯಿರಿ. ಗಡಿಗೆರೆಯ ನಕ್ಷೆಯನ್ನೂ ಜೊತೆಗಿಡಿ, ಸಂರಕ್ಷಿತ ಪ್ರದೇಶ ಎಲ್ಲಿ ಶುರುವಾಗುತ್ತದೆಂದು ತಿಳಿಯದವನಿಗೆ ಅದರೊಳಗಿನ ನಷ್ಟ ತಿಳಿಯುವುದು ಹೇಗೆ? ಐದು ದಿನಕ್ಕೊಮ್ಮೆ ಹತ್ತು ಮೀಟರ್ ಸೂಕ್ಷ್ಮತೆಯ ಸೆಂಟಿನೆಲ್ ಉಪಗ್ರಹದ ಚಿತ್ರ ಬಿಟ್ಟಿಯಾಗಿ ಸಿಗುವ ಕಾಲವಿದು. ಎರಡು ವರ್ಷಕ್ಕೊಂದು ದಪ್ಪ ಪುಸ್ತಕ ಬರುವವರೆಗೆ ಕಾಯಬೇಕಾದ ಕಾರಣ ನನಗಂತೂ ಹೊಳೆಯುವುದಿಲ್ಲ.

ಬರುವ ಚೈತ್ರಕ್ಕೂ ಸಲೇಶ್ವರಕ್ಕೆ ಹೊರಟಿದ್ದೇವೆ. ಅಷ್ಟರೊಳಗೆ ಅಮ್ರಾಬಾದಿನದಾದರೂ ನಕ್ಷೆ ಸಿಕ್ಕರೆ ಫೋನಿಗೆ ಹಾಕಿಕೊಂಡು ಹೋಗುತ್ತೇನೆ. ಆ ಸುಟ್ಟ ಇಳಿಜಾರಿನಲ್ಲಿ ನಿಂತು ಫೋಟೊ ತೆಗೆದು, ಸಸಿ ಎದ್ದಿದ್ದರೆ ಎದ್ದಿವೆ ಎಂದು, ಇಲ್ಲದಿದ್ದರೆ ಇಲ್ಲವೆಂದು ನಿಮಗೆ ಬರೆಯುತ್ತೇನೆ.

ಇಂತಿ,
ಮರಿಕಲ್‌ನ ಒಬ್ಬ ಓದುಗ